ಹನ್ನೊಂದನೇ ಹೆಜ್ಜೆ

ಅಕ್ಕ ಮಾಡಿದ ಆಟವನ್ನು ನಾನು ಆಡಲಿಲ್ಲ. ಅವಳು ಮೂರು ಸಲ ಕೇಳಿದಳು. ಎರಡು ಸಲ ಆಗುವುದಿಲ್ಲ ಎಂದೆ. ಮೂರನೆಯ ಸಲ ಆಡಿದೆ ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಹಿಂದೆ ಇನ್ನೊಂದು ಸುಳ್ಳಿತ್ತು, ಅದು ದೊಡ್ಡದು. ಅಕ್ಕ ಬಿದ್ದ ದಿನ ಅದನ್ನು ಇಡೀ ವಠಾರಕ್ಕೆ ಹೇಳಿದ್ದೆ. ಅವಳು ಹೋಗಿ ಎಂಟು ತಿಂಗಳಾಯಿತು. ಎರಡನ್ನೂ ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ಅವಳ ಹೆಸರು ಬರೆಯುವುದಿಲ್ಲ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನನಗೆ ಹೇಗೂ ಅಕ್ಕ, ಐದು ವರ್ಷಕ್ಕೆ ದೊಡ್ಡವಳು.

ನಮ್ಮದು ಹಿಟ್ಟಿನ ಗಿರಣಿ. ಬೀದಿಗೆ ಗಿರಣಿ, ಅದರ ಪಕ್ಕದಲ್ಲಿ ಒಂದು ಉದ್ದನೆಯ ಓಣಿ, ಓಣಿಗೆ ಬಾಗಿಲಿರುವ ನಾಲ್ಕು ಮನೆ. ಕೊನೆಯದು ನಮ್ಮದು. ಗಿರಣಿಗೂ ಓಣಿಯ ಕಡೆಗೆ ಒಂದು ಸಣ್ಣ ಬಾಗಿಲಿದೆ. ನಮ್ಮ ಹೊಸಿಲಿನಿಂದ ಬೀದಿಯ ಗೇಟಿಗೆ ಅಕ್ಕನ ಲೆಕ್ಕದಲ್ಲಿ ಇಪ್ಪತ್ತಾರು ಹೆಜ್ಜೆ. ನಾನು ಹುಟ್ಟಿದಾಗಿನಿಂದ ಅಲ್ಲೇ ಓಡಾಡಿದವನು, ಎಣಿಸಿದ್ದು ಮಾತ್ರ ಈಚೆಗೆ.

ಏಳು ವರ್ಷದವಳಿದ್ದಾಗ ಅವಳು ಸಂಜೆ ಹೊತ್ತು ಗೋಡೆಗೆ ಡಿಕ್ಕಿ ಹೊಡೆಯಲು ಶುರುಮಾಡಿದಳಂತೆ. ಆಟ ಆಡುತ್ತಿದ್ದಾಳೆ ಎಂದು ಅಮ್ಮ ಎರಡು ಏಟು ಕೊಟ್ಟಿದ್ದರಂತೆ. ಹತ್ತನೇ ವಯಸ್ಸಿಗೆ ಅವಳ ಕಣ್ಣಿಗೆ ಪೂರ್ತಿ ಕತ್ತಲಾಯಿತು. ಅಪ್ಪ ಅವಳನ್ನು ಕಣ್ಣಿಲ್ಲದವರ ಶಾಲೆಗೆ ಸೇರಿಸಿದರು. ಅವಳು ಎಸ್ಸೆಸ್ಸೆಲ್ಸಿ ಪಾಸಾದಳು, ಟೆಲಿಫೋನ್ ಬೋರ್ಡಿನ ಕೆಲಸ ಕಲಿತಳು, ಬಸವನಗುಡಿಯ ಒಂದು ಕಚೇರಿಯಲ್ಲಿ ಆಪರೇಟರ್ ಆದಳು. ಕಣ್ಣಿದ್ದ ನಾನು ಏಳನೇ ಕ್ಲಾಸಿಗೆ ನಿಂತು ಗಿರಣಿಗೆ ಬಂದೆ. ರಾಗಿ ಬೀಸಿಸಲು ಬಂದವರು, "ಏನ್ ಸ್ವಾಮಿ, ಓದಬೇಕಾದವನು ಹಿಟ್ಟು ಬೀಸ್ತಾನೆ, ಆ ಹುಡುಗಿ ಆಫೀಸಿಗೆ ಹೋಗ್ತಾಳೆ" ಎಂದು ಅಪ್ಪನನ್ನು ಕೆಣಕುತ್ತಿದ್ದರು. ಅಪ್ಪ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗು ನನ್ನೊಳಗೆ ಎಲ್ಲೋ ಹುಳಿಯಾಗಿ ಉಳಿದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೂವತ್ತು ವರ್ಷ ಅವಳು ಒಬ್ಬಳೇ ಕೆಲಸಕ್ಕೆ ಹೋಗಿ ಬಂದಳು. ಬಿಳಿ ಕೋಲು, ಹೆಗಲಿಗೆ ಒಂದು ಬ್ಯಾಗು, ಹಣೆಗೆ ವಿಭೂತಿ. ವಿಭೂತಿಯ ಗೆರೆ ಒಂದು ದಿನವೂ ಸೊಟ್ಟಗಾಗಿದ್ದು ನಾನು ನೋಡಿಲ್ಲ. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂರುತ್ತಿದ್ದಳು. ನಾನು ಐದು ನಿಮಿಷಕ್ಕೆ ಪೂಜೆ ಮುಗಿಸಿ ಏಳುತ್ತಿದ್ದೆ. "ನಿಂಗೆ ನೋಡಿದ್ರೆ ಸಾಕು, ಮುಗೀತು. ನಾನು ಹಿಡ್ಕೊಂಡಿರ್ಬೇಕಲ್ಲ, ಅದಕ್ಕೆ ಹೊತ್ತಾಗುತ್ತೆ" ಎನ್ನುತ್ತಿದ್ದಳು.

ರಜೆಯ ದಿನ ಗಿರಣಿಯಲ್ಲಿ ಬಂದು ಕೂರುತ್ತಿದ್ದಳು. ಹಿಟ್ಟು ಬೀಳುವ ಬಟ್ಟೆಯ ತೋಳಿನ ಕೆಳಗೆ ಕೈಯೊಡ್ಡಿ, ಒಂದು ಚಿಟಿಕೆಯನ್ನು ಹೆಬ್ಬೆರಳಲ್ಲಿ ಉಜ್ಜಿ, "ಇನ್ನೊಂಚೂರು ಬಿಗಿ ಮಾಡು, ಮುದ್ದೆ ಗಂಟಾಗುತ್ತೆ" ಎಂದು ಹೇಳುತ್ತಿದ್ದಳು. ಮೇಲಿನಿಂದ ಕಾಳು ಮುಗಿಯುತ್ತಾ ಬಂದರೆ ಕಲ್ಲಿನ ಸದ್ದು ಬದಲಾಗುತ್ತದೆ. ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅಷ್ಟು ಗದ್ದಲದಲ್ಲಿ ಹೇಗೆ ಕೇಳಿಸುತ್ತದೆ ಎಂದು ಕೇಳಿದರೆ, "ನೀನು ಗದ್ದಲ ಕೇಳ್ತೀಯ. ನಾನು ಅದರೊಳಗಡೆ ಏನಿದೆ ಅಂತ ಕೇಳ್ತೀನಿ" ಎಂದಿದ್ದಳು. ನಲವತ್ತು ವರ್ಷ ಆ ಗದ್ದಲದಲ್ಲಿದ್ದು ನನ್ನ ಕಿವಿ ಮಂದವಾಗಿದೆ. ನಾನು ಮಾತಾಡಿದರೆ ಮೂರು ಮನೆಗೆ ಕೇಳುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೆ ಇಲ್ಲೇ ಹೇಳಿಬಿಟ್ಟೆ.

ಅವಳಿಗೆ ಕೋಪ ಬರಿಸುವ ಕೆಲಸ ಒಂದಿತ್ತು. ಕೆಲವರು ಮುಂದೆ ಬಂದು ನಿಂತು, "ನಾನ್ಯಾರು ಹೇಳಿ ನೋಡೋಣ" ಎನ್ನುತ್ತಾರಲ್ಲ, ಅದು. ದೂರದ ನೆಂಟರೊಬ್ಬರು ಮದುವೆಮನೆಯಲ್ಲಿ ಹಾಗೆ ಕೇಳಿದಾಗ ಅವಳು ತಟ್ಟನೆ, "ಯಾಕೆ ಮಾವ, ನಿಮ್ಮ ಹೆಸರು ನಿಮಗೇ ಮರೆತುಹೋಯ್ತಾ?" ಎಂದಳು. ಪಂಕ್ತಿಯೆಲ್ಲ ನಕ್ಕಿತು. ದನಿಯಿಂದಲೇ ಯಾರೆಂದು ಗುರುತಿಸಿಬಿಟ್ಟಿದ್ದಳು, ಆದರೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಅವಳ ಕಾನೂನು ಎರಡೇ. ಒಳಗೆ ಬಂದವರು ಬಾಯಿಬಿಟ್ಟು "ನಾನು, ಇಂಥವನು" ಎಂದು ಹೇಳಬೇಕು. ಇಟ್ಟ ವಸ್ತು ಇಟ್ಟ ಜಾಗದಲ್ಲೇ ಇರಬೇಕು. ನನ್ನ ಮಗಳು ಮಾತು ಕಲಿತದ್ದೇ "ಅತ್ತೆ, ನಾನು ಬಂದೆ" ಎಂದು. ಮದುವೆಯಾಗಿ ಹೋದವಳು ಈಗಲೂ ಗಂಡನ ಮನೆಯ ಖಾಲಿ ಕೋಣೆಗೆ ಹೋಗುವಾಗ ಹಾಗೆ ಹೇಳಿಕೊಂಡೇ ಹೋಗುತ್ತಾಳಂತೆ.

ನಾನು ಆ ಎರಡನ್ನೂ ಅರ್ಧರ್ಧ ಪಾಲಿಸಿದವನು. ಇನ್ನೊಂದನ್ನಂತೂ ಕಲಿಯಲೇ ಇಲ್ಲ. ಅವಳ ಜೊತೆ ಹೊರಗೆ ಹೋದರೆ ನಾನು ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಅವಳು ಕೈ ಕೊಡವಿ ಹೇಳುತ್ತಿದ್ದಳು: "ನೀನು ನನ್ನ ಹಿಡೀಬೇಡ್ವೋ ಪುಟ್ಟ. ನಿನ್ನ ಮೊಣಕೈ ಕೊಡು, ನಾನು ಹಿಡ್ಕೋತೀನಿ. ನಾನು ಹಿಡ್ಕೊಂಡ್ರೆ ನಿನ್ನ ಜೊತೆ ಬರ್ತೀನಿ, ನೀನು ಹಿಡ್ಕೊಂಡ್ರೆ ಹಸು ಥರ ಬರ್ತೀನಿ." ನಾನು ನಕ್ಕು ಎರಡು ಹೆಜ್ಜೆ ಮೊಣಕೈ ಕೊಡುತ್ತಿದ್ದೆ. ರಸ್ತೆ ದಾಟುವಾಗ ಮತ್ತೆ ಮಣಿಕಟ್ಟು.

ಅವಳು ನಿವೃತ್ತಿಯಾಗಿ ಎರಡು ವರ್ಷದ ಮೇಲೆ ಆಟ ಮಾಡುವವರು ಬಂದರು. ಇಬ್ಬರು ಎಳೆಯರು, ಸಿಂಚನಾ ಮತ್ತು ಆಸಿಫ್. ಗಾಂಧಿಬಜಾರಿನ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಮೊಬೈಲ್ ಗೇಮ್ ಮಾಡುತ್ತಿದ್ದರು. ಕಣ್ಣಿಲ್ಲದವರಿಗೆ ಲೋಕ ಹೇಗಿರುತ್ತದೆ ಎಂದು ಕಣ್ಣಿದ್ದವರಿಗೆ ತೋರಿಸುವ ಆಟವಂತೆ. ಪರದೆ ಪೂರ್ತಿ ಕಪ್ಪು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸದ್ದಿನಲ್ಲೇ ನಡೆಯಬೇಕು. ಅಕ್ಕನ ಹಳೆಯ ಕಚೇರಿಯವರು ಯಾರೋ ಇವಳ ಹೆಸರು ಹೇಳಿದ್ದರು.

ಮೊದಲ ದಿನ ಅವರು ತಾವು ಮಾಡಿದ್ದನ್ನು ಅಕ್ಕನ ಕಿವಿಗೆ ಹಾಕಿದರು. ಅವಳು ಸ್ವಲ್ಪ ಹೊತ್ತು ಕೇಳಿ ತೆಗೆದಿಟ್ಟಳು.

"ಇದರಲ್ಲಿ ಯಾರೋ ಜೋರಾಗಿ ಉಸಿರಾಡ್ತಿದಾರಲ್ಲ, ಯಾರು ಅದು?"

"ಅದು ನೀವೇ ಆಂಟಿ," ಎಂದ ಆಸಿಫ್. "ಅಂದ್ರೆ, ಆಡೋರು. ಭಯ ಆಗಿರುತ್ತಲ್ಲ."

"ನಂಗ್ಯಾಕೆ ಭಯ? ನಾನು ಮೊಸರು ತರೋಕೆ ಹೋಗ್ತಿದೀನಿ." ಅವಳು ಮೆತ್ತಗೆ ಹೇಳಿದಳು: "ಇದು ಕುರುಡಲ್ಲ ಕಣಪ್ಪಾ, ದೆವ್ವದ ಕಥೆ. ನೀವು ಕಣ್ಣು ಮುಚ್ಕೊಂಡ್ರೆ ನಿಮಗೆ ಸಿಗೋದು ಮೊದಲನೇ ದಿನ. ನನ್ನದು ಐವತ್ತು ವರ್ಷ ದಾಟಿದೆ. ಮೊದಲು ಆ ಸಂಗೀತ ತೆಗೀರಿ. ನಾನು ರಸ್ತೆಗಿಳಿದ್ರೆ ಯಾರೂ ಪಿಟೀಲು ಬಾರಿಸಲ್ಲ. ಆಮೇಲೆ, ಆಂಟಿ ಅನ್ಬೇಡಿ. ಅಕ್ಕ ಅನ್ನಿ."

ಅಲ್ಲಿಂದ ಶುರುವಾಯಿತು. ವಾರಕ್ಕೆ ಎರಡು ದಿನ, ಸಂಜೆ ನಾಲ್ಕಕ್ಕೆ, ಅವರು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಅವಳು ಒಬ್ಬಳೇ ಓಣಿಯುದ್ದ, ಕೋಲನ್ನು ಕುಟ್ಟದೆ ಸುಮ್ಮನೆ ಕೈಯಲ್ಲಿ ಹಿಡಿದು, ಹೆಜ್ಜೆ ಎಣಿಸಿಕೊಂಡೇ ನಡೆದು ಅವರನ್ನು ಸೇರುತ್ತಿದ್ದಳು. ಒಳಗೆ ಬಂದು ಕರೆದುಕೊಂಡು ಹೋಗುತ್ತೇವೆ ಎಂದರೆ ಒಪ್ಪುತ್ತಿರಲಿಲ್ಲ. "ನನ್ನ ಬಾಗಿಲು ನಾನು ದಾಟ್ತೀನಿ" ಎನ್ನುತ್ತಿದ್ದಳು. ಆಮೇಲೆ ಮೂವರೂ ಬೀದಿ ಬೀದಿ ತಿರುಗಿ ಸದ್ದು ಹಿಡಿಯುತ್ತಿದ್ದರು. ಕಾಫಿಪುಡಿ ಅಂಗಡಿಯ ಯಂತ್ರ, ಎರಡು ಕಟ್ಟಡದ ನಡುವಿನ ಸಂದಿಯಲ್ಲಿ ಬರುವ ಗಾಳಿ, ಕಲಾಸಿಪಾಳ್ಯದ ಕಡೆಯ ಬಸ್ಸಿನ ಹಾರನ್ನು. ನಿಂತ ಆಟೋಗೂ ಇಲ್ಲದ ಆಟೋಗೂ ಏನು ವ್ಯತ್ಯಾಸ ಎಂದು ಕೋಲು ಕುಟ್ಟಿ ತೋರಿಸಿದಳಂತೆ. ಮೊಣಕೈ ಕೊಡುವುದನ್ನು ಆಸಿಫ್ ಮೊದಲ ದಿನವೇ ಕಲಿತ.

ಅಷ್ಟು ಹುರುಪಿನಲ್ಲಿ ನಾನು ಅವಳನ್ನು ಕಂಡಿರಲಿಲ್ಲ. ಬಂದು ಊಟಕ್ಕೆ ಕೂತರೆ ಅದೇ ಮಾತು. ನಾನು, "ಕುರುಡು ಅಂದ್ರೆ ಆಟ ಆಗ್ಹೋಯ್ತಾ ನಿಮಗೆಲ್ಲ?" ಎಂದು ಚುಚ್ಚಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಆಟ ಅಲ್ಲದೆ ಬೇರೆ ಥರ ಹೇಳಿದ್ರೆ ಅಯ್ಯೋ ಪಾಪ ಅಂತಾರೆ ಪುಟ್ಟ. ಆಟ ಆದ್ರೆ ಗೆಲ್ಲೋಕೆ ನೋಡ್ತಾರೆ," ಎಂದಳು.

ಈಗ ಅವಳು ಬಿದ್ದ ದಿನದ ಮಾತು.

ಅವತ್ತು ತರಗುಪೇಟೆಯಿಂದ ರಾಗಿ ಚೀಲಗಳು ಬಂದವು. ಗಿರಣಿಯೊಳಗೆ ಗಿರಾಕಿಗಳ ಡಬ್ಬಿಗಳು ಸಾಲಾಗಿ ನಿಂತಿದ್ದವು. ಒಂದು ಚೀಲಕ್ಕೆ ಜಾಗ ಸಾಲದೆ ಓಣಿಯಲ್ಲಿ, ನಮ್ಮ ಗಿರಣಿಯ ಸಣ್ಣ ಬಾಗಿಲ ಮುಂದೆ ಅಡ್ಡ ಹಾಕಿಸಿದೆ. ಗಂಟೆ ಮೂರೂವರೆ. ನಾಲ್ಕಕ್ಕೆ ಅವಳು ಬರುತ್ತಾಳೆ ಎಂದು ನನಗೆ ಗೊತ್ತಿತ್ತು. ಮರೆತೆ ಎಂದರೆ ಅದೂ ಸುಳ್ಳಾಗುತ್ತದೆ. ಐದು ನಿಮಿಷದಲ್ಲಿ ಒಳಗೆ ತಗೊಂಡರಾಯಿತು, ಒಂದು ಮಾತು ಹೇಳಬೇಕಾದರೆ ಅಷ್ಟು ದೂರ ಮನೆಗೆ ಹೋಗಬೇಕು ಎಂದುಕೊಂಡೆ. ಅಷ್ಟು ದೂರ ಎಂದರೆ ಹನ್ನೊಂದು ಹೆಜ್ಜೆ. ಅಷ್ಟರಲ್ಲಿ ಒಬ್ಬರು ಅವಸರದಲ್ಲಿ ಬಂದು, ಬೇಗ ಬೇಕು ಎಂದು ಗೋಧಿ ಇಟ್ಟುಹೋದರು. ಮಿಷನ್ ಹಾಕಿದೆ.

ಅವಳು ಬಿದ್ದದ್ದು ನನಗೆ ಕೇಳಲಿಲ್ಲ. ಕೂಗಿದಳೋ ಇಲ್ಲವೋ ಅದೂ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಕಲ್ಲು ನಿಧಾನವಾಗಿ ನಿಂತ ಮೇಲೆ ಆ ಮೌನದಲ್ಲಿ ಓಣಿಯಿಂದ ನರಳುವ ಸದ್ದು ಬಂತು. ಸಣ್ಣ ಬಾಗಿಲು ತೆಗೆದೆ. ಅಕ್ಕ ಚೀಲದ ಆಚೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕೋಲು ದೂರ ಉರುಳಿತ್ತು. ಒಂದು ಕಾಲು ಇನ್ನೂ ಚೀಲದ ಮೇಲೇ ಇತ್ತು.

ಎದುರುಮನೆ ರತ್ನಮ್ಮನವರು ಚಿಲಕ ತೆಗೆಯುವ ಸದ್ದಾಯಿತು. ಆಗ ನನ್ನ ಎರಡು ಕೈಗಳೂ ಚೀಲಕ್ಕೆ ಹೋದವು. ಅಕ್ಕನಿಗಲ್ಲ. ನಾನು ಮಾತಾಡಲಿಲ್ಲ, ಬಂದಿದ್ದೇನೆ ಎಂದೂ ಹೇಳಲಿಲ್ಲ. ಅವಳ ಕಾಲ ಕೆಳಗಿನಿಂದ ಚೀಲವನ್ನು ಕಡಪ ಕಲ್ಲಿನ ಮೇಲೆ ಎಳೆದು ಗಿರಣಿಯೊಳಗೆ ಹಾಕಿಕೊಂಡೆ. ಆಮೇಲೆ ಓಡಿ ಬಂದವನ ಹಾಗೆ ಬಂದು, "ಅಕ್ಕಾ, ಏನಾಯ್ತೇ?" ಎಂದೆ.

ರತ್ನಮ್ಮನವರು ಬಂದರು, ಪಕ್ಕದ ಟೈಲರ್ ಬಂದ, ಆಗತಾನೇ ಗೇಟಿಗೆ ಬಂದಿದ್ದ ಸಿಂಚನಾ, ಆಸಿಫ್ ಓಡಿ ಬಂದರು. ಹೇಗಾಯಿತು ಎಂದು ಎಲ್ಲರೂ ಕೇಳಿದರು. "ಜಾರಿಬಿದ್ಲು," ಎಂದೆ. "ಎಷ್ಟು ಹೇಳಿದ್ರೂ ಕೇಳಲ್ಲ. ಈ ವಯಸ್ಸಲ್ಲಿ ಒಬ್ಬಳೇ ಓಡಾಡ್ಬೇಡ ಅಂತ ಬಡ್ಕೊಂಡೆ." ಅಕ್ಕ ನೋವಿನಲ್ಲಿದ್ದಳು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಹೇಳಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ನಾನು ಅದೇ ಮಾತನ್ನು ಹೇಳುತ್ತಾ ಹೋದೆ. ಹೇಳಿ ಹೇಳಿ ಅದು ನಿಜವೇ ಇರಬೇಕು ಎನ್ನುವಷ್ಟು ಸಲೀಸಾಯಿತು. ರತ್ನಮ್ಮನವರೂ ಮಂಚದ ಪಕ್ಕ ಕೂತು, "ನಿನ್ ತಮ್ಮನ ಮಾತು ಕೇಳಮ್ಮ. ಅವನಿಗಿಂತ ಬೇಕಾದೋರು ಯಾರಿದಾರೆ ನಿಂಗೆ?" ಎಂದು ಬುದ್ಧಿ ಹೇಳಿದರು. ಅಕ್ಕ "ಹೂಂ" ಎಂದಳು.

ಮೂರು ತಿಂಗಳಿಗೆ ಅವಳು ವಾಕರ್ ಹಿಡಿದು ಮನೆಯೊಳಗೆ ನಡೆದಳು. ಮತ್ತೆರಡು ತಿಂಗಳು ಕಳೆದ ಮೇಲೆ, ಇನ್ನು ಕೋಲಿನಲ್ಲಿ ನಡೆಯಬಹುದು ಎಂದು ಡಾಕ್ಟರು ಹೇಳಿದರು. ಮನೆಗೆ ಬಂದವಳು, "ನನ್ ಕೋಲು ಕೊಡು" ಎಂದಳು. ನಾನು ಅದನ್ನು ಅಟ್ಟದ ಮೇಲೆ ಹಾಕಿದ್ದೆ. "ಬೇಕಾದ್ರೆ ನನ್ನ ಕರಿ, ನಾನೇ ಕರ್ಕೊಂಡು ಹೋಗ್ತೀನಿ. ಒಂದ್ಸಲ ಆಗಿದ್ದು ಸಾಲದಾ?" ಎಂದೆ. ನನ್ನ ಹೆಂಡತಿ, "ಕೊಟ್ಬಿಡ್ರೀ, ಪಾಪ" ಎಂದಳು. ನಾನು ಕೊಡಲಿಲ್ಲ. ಅವಳು ಮತ್ತೆ ಒಬ್ಬಳೇ ಓಣಿ ದಾಟಿ ನಿರಾಳವಾಗಿ ಗೇಟು ಮುಟ್ಟಿದರೆ ಅವತ್ತು ಯಾಕೆ ಬಿದ್ದಳು ಎಂಬ ಪ್ರಶ್ನೆ ಬರುತ್ತದೆ. ಅದು ಬರುವುದು ನನಗೆ ಬೇಕಿರಲಿಲ್ಲ. ಆಗ ಅದನ್ನು ಕಾಳಜಿ ಎಂದುಕೊಂಡಿದ್ದೆ.

ಅವಳು ಎರಡನೇ ಸಲ ಕೋಲು ಕೇಳಲಿಲ್ಲ. ಐವತ್ತು ವರ್ಷ ಯಾರ ಕೈಗೂ ಸಿಕ್ಕದವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಬಿಟ್ಟಳು. ಓಣಿಯಲ್ಲಿ ಹೋಗುವವರ ಚಪ್ಪಲಿ ಸದ್ದಿಗೆ ಹೆಸರು ಹೇಳುತ್ತಿದ್ದಳು. ಆಟದವರು ಈಗ ಒಳಗೆ ಬರತೊಡಗಿದರು. ಉಳಿದ ಕೆಲಸವನ್ನು ಅವಳು ಆ ಕುರ್ಚಿಯಲ್ಲೇ ಮುಗಿಸಿದಳು. ನಾನು ಗಿರಣಿಯಲ್ಲಿರುತ್ತಿದ್ದೆ, ಅಲ್ಲಿ ಏನು ನಡೆಯುತ್ತದೆ ಎಂದು ಕೇಳಲು ಹೋಗಲಿಲ್ಲ.

ಆಟ ಆಡುವ ಹಾಗಾದಾಗ ಅವಳು ನನ್ನನ್ನು ಕರೆದಳು. "ಒಂದ್ಸಲ ಆಡು ಪುಟ್ಟ. ನಮ್ಮ ಓಣಿಯಿಂದಲೇ ಶುರು." ಗಿರಣಿಯಲ್ಲಿ ಜನ ಇದ್ದಾರೆ ಎಂದೆ. ಒಂದು ವಾರ ಬಿಟ್ಟು ಮತ್ತೆ ಕೇಳಿದಳು. "ಅದೆಲ್ಲ ಓದಿದೋರ ಕೆಲಸ ಅಕ್ಕ, ನನ್ನ ಕೈಲಾಗಲ್ಲ" ಎಂದೆ. ಅವಳು, "ಓದೋಕೆ ಏನೂ ಇಲ್ವಲ್ಲೋ ಅದರಲ್ಲಿ. ಕಪ್ಪು" ಎಂದು ನಕ್ಕಳು.

ಮೂರನೆಯ ಸಲ ಹೆಡ್‌ಫೋನನ್ನು ನನ್ನ ಕೈಗೇ ಇಟ್ಟಳು. ಅದನ್ನು ಕಿವಿಗೆ ಹಾಕಿಕೊಂಡು ಅವಳ ಎದುರು ಕೂತೆ. ಕಪ್ಪು ಪರದೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಶುರುಮಾಡಲು ಒತ್ತಬೇಕಿತ್ತು, ಒತ್ತಲಿಲ್ಲ. ಆ ಓಣಿಗೆ ಕಿವಿ ಕೊಡಲು ನನಗೆ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತೆಗೆದೆ.

"ಚೆನ್ನಾಗಿದೆ ಅಕ್ಕ."

"ಎಲ್ಲಿವರೆಗೂ ಹೋದೆ?"

"ಬೀದಿವರೆಗೂ ಹೋದೆ."

"ಓಣಿ ದಾಟಿದ್ಯಾ?"

"ದಾಟಿದೆ. ಸುಲಭವಾಗೇ ಇದೆ."

ಅವಳು ಹೆಡ್‌ಫೋನಿಗಾಗಿ ಕೈ ಚಾಚಿದಳು. ಅದರ ವೈರನ್ನು ಬೆರಳಿಗೆ ನೀಟಾಗಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. "ಸರಿ ಬಿಡು," ಎಂದಳು. ಮತ್ತೆ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ನಡೆದಾಡದೆ ಕೂತವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ನನ್ನ ಮುಖಕ್ಕೇ ಹೇಳಿದರು. ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಕೊನೆಯ ಎರಡು ದಿನ ನಾನು ಬಾಗಿಲಿನಿಂದಲೇ "ಅಕ್ಕಾ, ನಾನು, ಪುಟ್ಟ" ಎಂದು ಹೇಳಿಕೊಂಡೇ ಒಳಗೆ ಹೋಗುತ್ತಿದ್ದೆ. ಅವಳು ಬೆರಳು ಅಲ್ಲಾಡಿಸುತ್ತಿದ್ದಳು. ಹೇಳಬೇಕಾದ ಇನ್ನೊಂದು ಮಾತು ನಾಲಿಗೆಯವರೆಗೂ ಬರುತ್ತಿತ್ತು. ಪಕ್ಕದ ಮಂಚದಲ್ಲಿ ಜನ ಇರುತ್ತಿದ್ದರು, ನರ್ಸು ಬರುತ್ತಿದ್ದಳು. ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ ಎಂದು ನೆಪ ಹೇಳಿಕೊಂಡೆ. ಮಣ್ಣು ಮಾಡುವಾಗ ಕೋಲನ್ನು ಅಟ್ಟದಿಂದ ಇಳಿಸಿ ಪಕ್ಕದಲ್ಲಿಡೋಣ ಎಂದು ಹೆಂಡತಿ ಹೇಳಿದಳು. ಬೇಡ ಎಂದೆ. ಇಷ್ಟು ದಿನ ಕೊಡದವನು ಈಗ ಯಾವ ಮುಖ ಇಟ್ಟುಕೊಂಡು ಕೊಡಲಿ?

ಹೋದ ಅಮಾವಾಸ್ಯೆಗೆ ಸಿಂಚನಾ ಬಂದಳು. ಅಮಾವಾಸ್ಯೆಯ ದಿನ ನಾವು ಕಲ್ಲಿಗೆ ಪೂಜೆ ಮಾಡಿ ಗಿರಣಿ ಮುಚ್ಚುತ್ತೇವೆ. ಮಧ್ಯಾಹ್ನದ ಹೊತ್ತು, ಓಣಿಯೆಲ್ಲ ನಿಶ್ಶಬ್ದವಾಗಿತ್ತು. ಆಟ ಪೂರ್ತಿಯಾಗಿದೆ, ಜನ ಆಡುತ್ತಿದ್ದಾರೆ, ಅಕ್ಕನ ಮನೆಯವರಿಗೆ ಒಂದು ಸಲ ಆಡಿಸಬೇಕು ಅನ್ನಿಸಿತು ಎಂದಳು.

"ನೀವು ಮುಂಚೆನೇ ಆಡಿದ್ರಂತಲ್ಲ ಅಂಕಲ್, ಬೀದಿವರೆಗೂ. ಅಕ್ಕ ಹೇಳಿದ್ರು. ಪುಟ್ಟ ಓಣಿ ಸುಲಭವಾಗಿ ದಾಟಿದ ಅಂದ್ರು."

ನಾನು ಆಡಿಲ್ಲ ಎಂದೆ. ಎರಡು ಸುಳ್ಳಿನಲ್ಲಿ ಸಣ್ಣದು ಅಲ್ಲಿ ಒಡೆಯಿತು. ಅವಳು ಹೆಡ್‌ಫೋನ್ ಕೊಟ್ಟಳು. ನಿಂತು ಆಡಬೇಕು, ನಾವು ತಿರುಗಿದರೆ ಸದ್ದೂ ತಿರುಗುತ್ತದೆ ಎಂದಳು. ಪರದೆಯ ಎಡಕ್ಕೆ ಮುಟ್ಟಿದರೆ ಎಡಗಾಲು, ಬಲಕ್ಕೆ ಮುಟ್ಟಿದರೆ ಬಲಗಾಲು. "ಆಮೇಲೆ ಒಂದ್ಕಡೆ ಅಕ್ಕ ಒಂದು ಪ್ರಶ್ನೆ ಕೇಳ್ತಾರೆ. ಅದಕ್ಕೆ ಬಾಯಲ್ಲಿ ಉತ್ತರ ಹೇಳ್ಬೇಕು. ಏನ್ ಹೇಳಿದ್ರೂ ನಡೆಯುತ್ತೆ, ಧ್ವನಿ ಕೇಳ್ಸಿದ್ರೆ ಸಾಕು. ಹೇಳ್ದಿದ್ರೆ ಆಟ ಮುಂದೆ ಹೋಗಲ್ಲ." ಅಕ್ಕನ ಎದುರು ಕೂತ ದಿನ ನಾನು ಬಾಯನ್ನೇ ಬಿಟ್ಟಿರಲಿಲ್ಲ.

ನಮ್ಮ ಹೊಸಿಲ ಮೇಲೆ ನಿಂತು ಕಣ್ಣು ಮುಚ್ಚಿ ಒತ್ತಿದೆ.

ಮೊದಲು ನಮ್ಮ ಬಾಗಿಲು ಕಿರುಗುಟ್ಟುವ ಸದ್ದು. ಆಮೇಲೆ ಅಕ್ಕನ ದನಿ, ಕಿವಿಯ ಪಕ್ಕದಲ್ಲೇ: "ಒಂದು." ಬೆರಳಿಟ್ಟೆ. "ಎರಡು." ಎಡಕ್ಕೆ ರತ್ನಮ್ಮನವರ ಮನೆಯ ಕುಕ್ಕರ್ ಕೂಗಿತು. "ನಾಲ್ಕು." ಟೈಲರ್ ಮಿಷನ್ ಟಕಟಕ ಎಂದಿತು, ಒಂದೊಂದು ಹೆಜ್ಜೆಗೂ ಹತ್ತಿರವಾಯಿತು, ಹಿಂದಕ್ಕೆ ಹೋಯಿತು. ಮುಂದೆ ಗಿರಣಿ ಓಡುತ್ತಿತ್ತು. ನನ್ನ ಗಿರಣಿ. ಅದರೊಳಗೆ ಗೋಧಿಯ ಸದ್ದು ಬೇರೆಯಾಗಿ ಕೇಳಿಸಿತು, ಬೆಲ್ಟಿನ ಸದ್ದು ಬೇರೆಯಾಗಿ. ಅಷ್ಟು ವರ್ಷ ಅದರೊಳಗೇ ಇದ್ದ ನನಗೆ ಅದು ಮೊದಲ ಸಲ ಕೇಳಿಸಿತು. ಭಯವೇನೂ ಆಗಲಿಲ್ಲ. ಅಕ್ಕ ಹೇಳಿದ್ದು ಸರಿ, ಯಾರೋ ಮೊಸರು ತರಲು ಹೊರಟಿದ್ದರು ಅಷ್ಟೆ.

"ಹತ್ತು. ಹನ್ನೊಂದು."

ಧೊಪ್ಪೆಂದಿತು. ಎಲ್ಲ ಸದ್ದೂ ಒಂದು ಮಗ್ಗುಲಿಗೆ ಉರುಳಿತು. ಗಿರಣಿ ನನ್ನ ತಲೆಯ ಮೇಲಕ್ಕೆ ಬಂತು. ಆಮೇಲೆ ಗಿರಣಿ ನಿಂತಿತು. ಕಲ್ಲು ನಿಧಾನವಾಗಿ ಸುತ್ತಿ ನಿಲ್ಲುವುದು ಕೊನೆಯ ತನಕ ಕೇಳಿತು. ಸಣ್ಣ ಬಾಗಿಲು ತೆರೆಯಿತು. ಹವಾಯಿ ಚಪ್ಪಲಿಯ ಎರಡು ಹೆಜ್ಜೆ. ಮಾತಿಲ್ಲ. ಆಮೇಲೆ ಕಡಪ ಕಲ್ಲಿನ ಮೇಲೆ ಗೋಣಿಚೀಲ ಎಳೆಯುವ ಸದ್ದು.

ಹೆಡ್‌ಫೋನ್ ಕಿತ್ತೆ. ಸಿಂಚನಾ ಗಾಬರಿಯಾದಳು.

"ಆ ಎಳೆಯೋ ಸದ್ದು... ಅದನ್ನ ಯಾರು ಹಾಕಿದ್ದು?"

"ಅಕ್ಕನೇ ಅಂಕಲ್. ಆಸಿಫ್ ಹತ್ರ ರಾಗಿ ಚೀಲ ಎಳೆಸಿದ್ರು, ಇಲ್ಲೇ, ಮನೆಯೊಳಗೆ. ಏಳೆಂಟು ಸಲ. ಹಂಗಲ್ಲ, ಇನ್ನೂ ಅವಸರವಾಗಿ ಎಳಿ, ಸಿಕ್ಕಿಬೀಳ್ತೀನಿ ಅನ್ನೋ ಥರ ಎಳಿ ಅಂತ. ಯಾಕೆ ಅಂತ ಕೇಳಿದ್ವಿ. ಆಡೋರಿಗೆ ಗೊತ್ತಾಗುತ್ತೆ ಬಿಡಿ ಅಂದ್ರು. ನಮಗಿನ್ನೂ ಗೊತ್ತಿಲ್ಲ. ಆಡಿದೋರೂ ಯಾರೂ ಹೇಳ್ಲಿಲ್ಲ." ಫೋನಿಗೆ ಕೈ ಚಾಚಿ, "ನಿಲ್ಲಿಸ್ಲಾ ಅಂಕಲ್?" ಎಂದಳು.

ಬೇಡ ಎಂದೆ. ಮತ್ತೆ ಹಾಕಿಕೊಂಡೆ. ಚೀಲದ ಸದ್ದು ಮುಗಿದಿತ್ತು. ಅಕ್ಕನ ದನಿ ಬಂತು. ಕೋಪವಿರಲಿಲ್ಲ. ಬಾಗಿಲ ಬಳಿಯ ಕುರ್ಚಿಯಿಂದ ದಿನಾ ಕೇಳುತ್ತಿದ್ದ ಹಾಗೆಯೇ ಕೇಳಿದಳು.

"ಯಾರು? ಬಾಯಿಬಿಟ್ಟು ಹೇಳು."

ಆಮೇಲೆ ಏನೂ ಇಲ್ಲ. ಆಟ ಕಾಯುತ್ತಿತ್ತು. ಮತ್ತೊಮ್ಮೆ ಅದೇ ದನಿ, ಅದೇ ಮಾತು.

"ನಾನು, ಪುಟ್ಟ," ಎಂದೆ. "ಚೀಲ ನಾನೇ ಇಟ್ಟಿದ್ದು."

"ಸರಿ. ಮೊಣಕೈ ಕೊಡು, ಏಳ್ತೀನಿ," ಎಂದಳು ಅಕ್ಕ. ಗಿರಣಿ ಮತ್ತೆ ಓಡಿತು, ಎಣಿಕೆ ಮುಂದುವರಿಯಿತು. "ಹನ್ನೆರಡು."

ಇದನ್ನು ಕ್ಷಮೆ ಎಂದುಕೊಳ್ಳುವಷ್ಟು ದಡ್ಡ ನಾನಲ್ಲ. ಏನು ಹೇಳಿದರೂ ಅದೇ ಉತ್ತರ ಬರುತ್ತದೆ, ಯಾರು ಆಡಿದರೂ ಅವಳು ಅವರ ಮೊಣಕೈ ಹಿಡಿದು ಏಳುತ್ತಾಳೆ. ಗೊತ್ತಿಲ್ಲದ ಅಷ್ಟು ಜನ ಅವಳಿಗೆ ಮೊಣಕೈ ಕೊಟ್ಟಿದ್ದಾರೆ. ಕೊಡದವನು ನಾನೊಬ್ಬನೇ.

ಹೆಡ್‌ಫೋನ್ ತೆಗೆದು ಕಣ್ಣು ಬಿಟ್ಟೆ. ರತ್ನಮ್ಮನವರು ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದಿದ್ದರು. ಟೈಲರ್ ಹೊಲಿಗೆ ಬಿಟ್ಟು ಹೊಸಿಲಲ್ಲಿ ನಿಂತಿದ್ದ. ನನ್ನ ಹೆಂಡತಿ ಬೆನ್ನ ಹಿಂದೆ ಇದ್ದಳು. ನಾನು ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಮಂದ ಕಿವಿ, ಮೇಲೆ ಹೆಡ್‌ಫೋನ್ ಬೇರೆ. ಇಡೀ ಓಣಿಗೆ ಕೇಳುವ ಹಾಗೆ ಕೂಗಿದ್ದೆ.

"ಏನೋ ಅದು ಕೂಗಿದ್ದು?" ಎಂದರು ರತ್ನಮ್ಮನವರು. "ಯಾವ ಚೀಲ?"

ಉತ್ತರ ಸಿದ್ಧವಾಗಿತ್ತು. ಏನಿಲ್ಲ ರತ್ನಮ್ಮನೋರೇ, ಆಟದಲ್ಲಿ ಹಾಗೆ ಹೇಳಬೇಕು, ಎಂದರೆ ಮುಗಿಯುತ್ತಿತ್ತು. ಸಿಂಚನಾ ಕೂಡ ಹೌದು ಎನ್ನುತ್ತಿದ್ದಳು. ಅವರು ನಕ್ಕು ಒಳಗೆ ಹೋಗುತ್ತಿದ್ದರು. ಚೀಲ ಎಳೆದ ದಿನವೂ ಇಷ್ಟೇ ಹೊತ್ತು ಸಿಕ್ಕಿತ್ತು, ಒಂದು ಚಿಲಕ ತೆಗೆಯುವಷ್ಟು ಹೊತ್ತು.

"ಅಕ್ಕ ಅವತ್ತು ಜಾರಿಬೀಳ್ಲಿಲ್ಲ," ಎಂದೆ. "ಓಣಿಗಡ್ಡ ರಾಗಿ ಚೀಲ ಹಾಕ್ಸಿದ್ದು ನಾನು. ಅವಳು ಬರೋ ಹೊತ್ತು ಅಂತ ಗೊತ್ತಿದ್ದೂ ಹಾಕ್ಸಿದ್ದೆ. ನೀವು ಬಾಗಿಲು ತೆಗೆಯೋಷ್ಟರಲ್ಲಿ ಎಳ್ಕೊಂಡು ಬಚ್ಚಿಟ್ಟೆ. ತಪ್ಪನ್ನ ಅವಳ ಮೇಲೆ ಹಾಕ್ದೆ. ಅದೇ ನೆಪ ಮಾಡಿ ಕೋಲು ಕಿತ್ಕೊಂಡೆ."

ರತ್ನಮ್ಮನವರು ಸೌಟನ್ನು ಇನ್ನೊಂದು ಕೈಗೆ ಬದಲಿಸಿದರು. ಆಸ್ಪತ್ರೆಯಲ್ಲಿ ಅಕ್ಕನಿಗೆ ತಾವು ಹೇಳಿದ ಬುದ್ಧಿಮಾತು ಅವರಿಗೂ ನೆನಪಾಗಿರಬೇಕು. ನನ್ನ ಮುಖ ನೋಡುವುದನ್ನು ಬಿಟ್ಟು ನೆಲ ನೋಡಿದರು.

ನಾನು ಒಳಗೆ ಹೋಗಿ ಸ್ಟೂಲು ಹಾಕಿಕೊಂಡು ಅಟ್ಟದಿಂದ ಕೋಲನ್ನು ಇಳಿಸಿದೆ. ಅದರ ಮೇಲೆ ಧೂಳು ಕೂತಿತ್ತು. ಪಂಚೆಯಲ್ಲಿ ಒರೆಸಿದೆ. ಹೊಸಿಲಿನಿಂದ ಎಣಿಸಿಕೊಂಡು ಹೋದೆ. ಹನ್ನೊಂದಕ್ಕೆ ನಿಂತೆ. ಗಿರಣಿಯ ಸಣ್ಣ ಬಾಗಿಲಿಗೆ ಕೋಲನ್ನು ಒರಗಿಸಿದೆ. ಮೆತ್ತಗೆ ಮಾತಾಡಲು ನನಗೆ ಬರುವುದಿಲ್ಲ. ಅವತ್ತು ಬೇಕಾಗಿಯೂ ಇರಲಿಲ್ಲ.

"ಅಕ್ಕಾ, ನಾನು, ಪುಟ್ಟ. ಬಂದಿದೀನಿ. ನಿನ್ನ ಎತ್ತೋ ಮುಂಚೆ ಚೀಲ ಎತ್ತಿದೆ. ತಪ್ಪಾಯ್ತು, ಕ್ಷಮಿಸ್ಬಿಡು."